ಬೂಮ್ ಇಳಿಯುತ್ತಿದೆ, ಆರ್ಮ್ ಒಳಕ್ಕೆ ನಿಧಾನ: ಮೇನ್ ಕಂಟ್ರೋಲ್ ವಾಲ್ವ್ ಬಿಚ್ಚಿ ಕ್ಲೀನ್ ಮಾಡಬೇಕೇ?

ಬಕೆಟ್‌ಪಿನ್ ಕೇಳಿದ್ದು:

20 ಟನ್ ಕ್ಲಾಸಿನ ಎಕ್ಸ್‌ಕವೇಟರ್. ಪೈಲಟ್ ಪ್ರೆಷರಿನಿಂದ (ಲಿವರ್ ಎಳೆದಾಗ ಬರುವ ಸಣ್ಣ ಪ್ರೆಷರ್) ಸ್ಪೂಲ್ (ವಾಲ್ವಿನೊಳಗೆ ಜಾರಿ ಎಣ್ಣೆಯ ದಾರಿ ಬದಲಿಸುವ ಉಕ್ಕಿನ ಕಡ್ಡಿ) ಸರಿಯುವ ಮಾದರಿ. ಬೂಮ್ ತಾನಾಗಿ ಇಳಿಯದಂತೆ ತಡೆಯುವ ಹೋಲ್ಡಿಂಗ್ ವಾಲ್ವ್ ಮೇನ್ ವಾಲ್ವಿನ ಮೈಗೇ ಕೂತಿದೆ. ಎಣ್ಣೆ ವಿಜಿ 46 (ಸ್ನಿಗ್ಧತೆಯ ದರ್ಜೆ). ತೊಂದರೆ ಮೂರು.

ಬಕೆಟ್ ತುಂಬಿ ಬೂಮ್ ಎತ್ತಿ ಇಂಜಿನ್ ನಿಲ್ಲಿಸಿದರೆ ಬೂಮ್ ಕಣ್ಣಿಗೆ ಕಾಣುವಂತೆ ಇಳಿಯುತ್ತದೆ. ಆರ್ಮ್ ಒಳಕ್ಕೆ ಎಳೆಯುವಾಗ ನಿಧಾನ, ಬಲವೂ ಇಲ್ಲ, ಹೊರಕ್ಕೆ ಸರಿಯಾಗಿದೆ. ಬೆಳಿಗ್ಗೆ ತಣ್ಣಗಿರುವಾಗ ಬಕೆಟ್ ಲಿವರ್ ಬಿಟ್ಟ ಮೇಲೂ ಬಕೆಟ್ ಕೊಂಚ ಹೊತ್ತು ಓಡಿ ನಿಲ್ಲುತ್ತದೆ, ಬಿಸಿಯಾದ ಮೇಲೆ ಈ ಕಾಟ ಇಲ್ಲ.

ಎಣ್ಣೆ 50 ಡಿಗ್ರಿ ಸೆಲ್ಸಿಯಸ್ ಇದ್ದಾಗ, ಸಿಲಿಂಡರ್ ಕೊನೆ ಮುಟ್ಟಿಸಿ ನೋಡಿದ ಗೇಜ್ ಓದು: ಬೂಮ್ ಮೇಲಕ್ಕೆ 340 ಬಾರ್, ಬಕೆಟ್ ಎರಡೂ ಕಡೆ 340, ಆರ್ಮ್ ಹೊರಕ್ಕೆ 340, ಆರ್ಮ್ ಒಳಕ್ಕೆ 280. ಪೈಲಟ್ ಪಂಪ್ 39 ಬಾರ್. ಮ್ಯಾನ್ಯುಯಲ್ ಪ್ರಕಾರ ಮೇನ್ ರಿಲೀಫ್ (ಪ್ರೆಷರ್ ಮಿತಿ ಮೀರದಂತೆ ಎಣ್ಣೆ ಬಿಡುವ ವಾಲ್ವ್) 343.

ವಾಲ್ವ್ ಬ್ಲಾಕ್ ಪೂರ್ತಿ ಕೆಳಗಿಳಿಸಿ ಕ್ಲೀನ್ ಮಾಡಬೇಕೇ, ಯಂತ್ರದ ಮೇಲಿದ್ದಂತೆಯೇ ಆಗುತ್ತದೆಯೇ? ಸ್ಪೂಲಿಗೆ ಎಮರಿ ಪೇಪರ್ ಹಾಕಬಹುದೇ? ತೊಳೆಯಲು ಏನು ಬಳಸಬೇಕು?

---

ಗೇಜ್‌ಮೊದಲು:

ಬ್ಲಾಕ್ ಇಳಿಸುವ ಯೋಚನೆ ಈಗಲೇ ಬೇಡ. ಮೂರು ತೊಂದರೆಗೂ ಮೂಲ ಬೇರೆಬೇರೆ ಇರುವ ಹಾಗಿದೆ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ ಯಾವುದರಿಂದ ಯಾವುದು ಸರಿಹೋಯಿತು, ಯಾವುದು ಹೊಸದಾಗಿ ಕೆಟ್ಟಿತು ಎಂಬ ಲೆಕ್ಕ ಸಿಗುವುದಿಲ್ಲ.

ಮೊದಲು ಆರ್ಮ್. ಉಳಿದ ಕಡೆಯೆಲ್ಲ 340 ಬರುತ್ತಿದೆ ಎಂದರೆ ಪಂಪ್ ಮತ್ತು ಮೇನ್ ರಿಲೀಫ್ ಮೇಲೆ ಅನುಮಾನ ಬೇಡ. ಆರ್ಮ್ ಹೊರಕ್ಕೆ ಪೂರ್ತಿ ಪ್ರೆಷರ್ ಬರುತ್ತಿರುವುದರಿಂದ ಸಿಲಿಂಡರಿನ ಪಿಸ್ಟನ್ ಸೀಲೂ ಹೆಚ್ಚುಕಡಿಮೆ ಪಾರು. ಸೀಲ್ ಹೋಗಿದ್ದರೆ ಎರಡೂ ದಿಕ್ಕಿನಲ್ಲಿ ಕಾಣಿಸಿಕೊಳ್ಳುತ್ತಿತ್ತು. ಉಳಿಯುವುದು ಎರಡು. ಒಂದು, ಆರ್ಮ್ ಒಳಕ್ಕೆ ಎಳೆಯುವ ಕಡೆಯ ಪೈಲಟ್ ಪ್ರೆಷರ್ ಕಡಿಮೆಯಿದ್ದು ಸ್ಪೂಲ್ ಪೂರ್ತಿ ಸರಿಯದೆ ಇರುವುದು. ಇನ್ನೊಂದು, ಆರ್ಮ್ ಸಿಲಿಂಡರಿನ ಬಾಟಮ್ ಸೈಡ್ ಪೋರ್ಟ್ ರಿಲೀಫ್ (ಆ ಒಂದು ಲೈನಿಗೆ ಮಾತ್ರ ಇರುವ ರಿಲೀಫ್) ಬೇಗ ತೆರೆದುಕೊಳ್ಳುವುದು. ಸ್ಪೂಲಿನ ಎಂಡ್ ಕ್ಯಾಪಿಗೆ ಬರುವ ಪೈಲಟ್ ಹೋಸಿನಲ್ಲಿ ಟೀ ಹಾಕಿ 60 ಬಾರ್ ಗೇಜ್ ಕೂರಿಸಿ, ಲಿವರ್ ಪೂರ್ತಿ ಎಳೆದು ಎರಡೂ ದಿಕ್ಕಿನ ಓದು ಹೋಲಿಸಿ. ಎರಡೂ ಒಂದೇ ಇದ್ದರೆ ಪೈಲಟ್ ಕಡೆ ಸರಿ, ರಿಲೀಫಿಗೆ ಬನ್ನಿ.

ಆರ್ಮಿನ ಎರಡೂ ಪೋರ್ಟ್ ರಿಲೀಫ್‌ಗಳ ಪಾರ್ಟ್ ನಂಬರ್ ಮತ್ತು ಸೆಟ್ಟಿಂಗ್ ಒಂದೇ ಎಂದು ಪಾರ್ಟ್ಸ್ ಬುಕ್ಕಿನಲ್ಲಿ ಖಚಿತಪಡಿಸಿಕೊಂಡು, ಅವೆರಡನ್ನೂ ಅದಲುಬದಲು ಮಾಡಿ. 280 ಈಗ ಹೊರಕ್ಕೆ ತಳ್ಳುವ ಕಡೆ ಕಾಣಿಸಿಕೊಂಡರೆ ರಿಲೀಫ್ ಕಾರ್ಟ್ರಿಜ್ಜೇ ಕಳ್ಳ. ಅಲ್ಲೇ ಉಳಿದರೆ ಬ್ಲಾಕಿನೊಳಗಿನ ಸೀಟ್ ಅಥವಾ ಸ್ಪೂಲ್. ಇಷ್ಟು ತಿಳಿಯಲು ಎರಡು ಕಾರ್ಟ್ರಿಜ್, ನಾಲ್ಕು ಹೊಸ ಓ-ರಿಂಗ್ ಸಾಕು.

ಬೂಮ್ ಇಳಿಯುವುದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯಬೇಕು, ಏಕೆಂದರೆ ಇಲ್ಲಿ ಹೆಚ್ಚಿನವರು ದಾರಿ ತಪ್ಪುತ್ತಾರೆ. ಪಿಸ್ಟನ್ ಸೀಲ್ ಪೂರ್ತಿ ಹೋಗಿದ್ದರೂ ಎರಡೂ ಪೋರ್ಟ್ ಬಿಗಿಯಾಗಿ ಮುಚ್ಚಿದ್ದರೆ ಬೂಮ್ ಕೊಂಚ ಇಳಿದು ನಿಂತುಬಿಡುತ್ತದೆ. ರಾಡ್ ಒಳಗೆ ಬರಬೇಕಾದರೆ ಅದರ ಗಾತ್ರದಷ್ಟು ಎಣ್ಣೆ ಹೊರಗೆ ಹೋಗಲೇಬೇಕು, ಹೋಗಲು ಜಾಗವಿಲ್ಲ. ಆಗ ಸಿಲಿಂಡರಿನ ಎರಡೂ ಬದಿ ಪ್ರೆಷರ್ ಸಮನಾಗಿ, ಇಡೀ ಭಾರವನ್ನು ರಾಡಿನ ಅಡ್ಡಕೊಯ್ತದಷ್ಟು ಜಾಗವೇ ಹೊರುತ್ತದೆ. ಉದಾಹರಣೆಗೆ ಬೋರ್ 120 ಮಿಲಿಮೀಟರ್, ರಾಡ್ 85 ಇರುವ ಸಿಲಿಂಡರ್ ತೆಗೆದುಕೊಳ್ಳಿ: ಮೊದಲು 100 ಬಾರಿನಲ್ಲಿ ನಿಂತಿದ್ದ ಭಾರಕ್ಕೆ ಈಗ ಸುಮಾರು 200 ಬಾರ್ ಬೇಕು. ಆ 200 ಬಾರ್ ರಾಡ್ ಸೈಡ್ ಲೈನಿನಲ್ಲೂ ಇರುತ್ತದೆ. ಹೋಲ್ಡಿಂಗ್ ವಾಲ್ವ್ ಇರುವುದು ಬಾಟಮ್ ಸೈಡಿನಲ್ಲಿ ಮಾತ್ರ. ರಾಡ್ ಸೈಡ್ ಎಣ್ಣೆಗೆ ತಡೆ ಎಂದರೆ ಸ್ಪೂಲಿನ ಲ್ಯಾಂಡ್ (ವಾಲ್ವಿನ ತೂತಿಗೆ ಹೊಂದಿ ಕೂರುವ ದಪ್ಪ ಭಾಗ) ಅಷ್ಟೇ, ಅದು ಯಾವತ್ತೂ ನೂರಕ್ಕೆ ನೂರು ತಡೆಯುವುದಿಲ್ಲ. ಹಾಗಾಗಿ ಸೀಲ್ ಹೋದ ಸಿಲಿಂಡರ್ ಇಟ್ಟುಕೊಂಡು ಹೋಲ್ಡಿಂಗ್ ವಾಲ್ವ್ ಎಷ್ಟು ತೊಳೆದರೂ ಬೂಮ್ ಇಳಿಯುತ್ತಲೇ ಇರುತ್ತದೆ.

ಆದ್ದರಿಂದ ಸೀಲ್ ಪರೀಕ್ಷೆ ಮೊದಲು. ಯಂತ್ರವನ್ನು ಗಟ್ಟಿ ನೆಲದ ಹಳ್ಳದ ಅಂಚಿನಲ್ಲಿ ನಿಲ್ಲಿಸಿ ಬೂಮ್ ಸಿಲಿಂಡರ್ ಪೂರ್ತಿ ಒಳಗೆ ಹೋಗುವವರೆಗೆ ಇಳಿಸಿ. ಆಗ ಬೂಮ್ ಬೀಳುವ ಮಾತೇ ಇಲ್ಲ. ಪ್ರೆಷರ್ ಪೂರ್ತಿ ಇಳಿಸಿದ ಮೇಲೆ ಎರಡೂ ಸಿಲಿಂಡರಿನ ಬಾಟಮ್ ಹೋಸ್ ಬಿಚ್ಚಿ, ಹೋಸುಗಳಿಗೆ ಸ್ಟೀಲ್ ಡಮ್ಮಿ (ಮುಚ್ಚಳ) ಬಿಗಿದು, ಸಿಲಿಂಡರಿನ ಪೋರ್ಟ್ ತೆರೆದೇ ಇಟ್ಟು ಕೆಳಗೆ ಟ್ರೇ ಇಡಿ. ಲೋ ಐಡಲಿನಲ್ಲಿ ಬೂಮ್ ಕೆಳಕ್ಕೆ ಲಿವರ್ ಒತ್ತಿ ಹಿಡಿಯಬೇಕು, ಪೋರ್ಟಿನ ಎದುರು ಯಾರೂ ನಿಲ್ಲಬಾರದು. ಒಳಗೆ ಉಳಿದ ಎಣ್ಣೆ ಸುರಿದು ನಿಂತರೆ ಸೀಲ್ ಚೆನ್ನಾಗಿದೆ; ಧಾರೆ ನಿಲ್ಲದೆ ಬಂದರೆ ಆ ಸಿಲಿಂಡರ್ ಬಿಚ್ಚಬೇಕು.

ಸೀಲ್ ಸರಿಯಿದ್ದರೆ ಹೋಲ್ಡಿಂಗ್ ವಾಲ್ವಿಗೆ ಹೋಗುವ ಬೂಮ್ ಕೆಳಕ್ಕೆ ಪೈಲಟ್ ಹೋಸನ್ನು ಬಿಚ್ಚಿ ಎರಡೂ ತುದಿ ಮುಚ್ಚಿ ನೋಡಿ. ಈಗ ಬೂಮ್ ನಿಂತರೆ ದೋಷ ಹೋಲ್ಡಿಂಗ್ ವಾಲ್ವಿನದಲ್ಲ. ಲಿವರ್ ನ್ಯೂಟ್ರಲಿನಲ್ಲಿದ್ದರೂ ಪೈಲಟ್ ಲೈನಿನಲ್ಲಿ ಪ್ರೆಷರ್ ಉಳಿದು ವಾಲ್ವನ್ನು ಕೊಂಚ ತೆರೆದಿಡುತ್ತಿದೆ. ಆಗ ನೋಡಬೇಕಾದದ್ದು ಜಾಯ್‌ಸ್ಟಿಕ್ ಕೆಳಗಿನ ಪೈಲಟ್ ವಾಲ್ವ್ ಮತ್ತು ಅದರ ಟ್ಯಾಂಕ್ ಲೈನ್.

ಬಕೆಟ್ ತೊಂದರೆಗೂ ಅದೇ ಗೇಜ್ ಸಾಕು. ಬೆಳಿಗ್ಗೆ ಲಿವರ್ ಬಿಟ್ಟ ಕೂಡಲೇ ಎಂಡ್ ಕ್ಯಾಪಿನ ಪ್ರೆಷರ್ ಸೊನ್ನೆಗೆ ಬಿದ್ದೂ ಬಕೆಟ್ ಓಡಿದರೆ ಸ್ಪೂಲ್ ಅಂಟುತ್ತಿದೆ. ಪ್ರೆಷರೇ ನಿಧಾನವಾಗಿ ಇಳಿದರೆ ಸ್ಪೂಲ್ ಮುಟ್ಟುವ ಅಗತ್ಯವಿಲ್ಲ.

---

ಸ್ಪೂಲ್‌ಲ್ಯಾಂಡ್:

ಮೇಲಿನ ಕ್ರಮಕ್ಕೆ ನನ್ನ ಒಪ್ಪಿಗೆ. ಪರೀಕ್ಷೆಯಲ್ಲಿ ಬಕೆಟ್ ಸ್ಪೂಲ್ ಮತ್ತು ಹೋಲ್ಡಿಂಗ್ ವಾಲ್ವ್ ಸಿಕ್ಕಿಬಿದ್ದವು ಎಂದುಕೊಂಡು ಬಿಚ್ಚುವ ಕೆಲಸ ಬರೆಯುತ್ತೇನೆ. ಎರಡನ್ನೂ ಬ್ಲಾಕ್ ಯಂತ್ರದ ಮೇಲಿದ್ದಂತೆಯೇ ಮಾಡಬಹುದು. ಪಂಪ್ ಒಡೆದು ಲೋಹದ ಚೂರು ಎಲ್ಲ ಕಡೆ ಹೋಗಿದ್ದರೆ ಮಾತ್ರ ಬ್ಲಾಕ್ ಇಳಿಸಬೇಕು. ಆ ಸಂದರ್ಭದಲ್ಲಿ ಕೂಲರ್, ಸಿಲಿಂಡರ್, ಪೈಪುಗಳನ್ನೂ ತೊಳೆಯದೆ ಬ್ಲಾಕ್ ಒಂದನ್ನೇ ತೊಳೆದರೆ ಚೂರುಗಳು ಮತ್ತೆ ಬಂದು ಅಲ್ಲೇ ಕೂರುತ್ತವೆ.

ಪ್ರೆಷರ್ ಇಳಿಸುವುದು: ಬಕೆಟ್ ನೆಲಕ್ಕೆ ಊರಿ, ಇಂಜಿನ್ ಆಫ್, ಕೀ ಆನ್, ಸೇಫ್ಟಿ ಲಿವರ್ ಕೆಲಸದ ಸ್ಥಾನದಲ್ಲಿಟ್ಟು ಎರಡೂ ಜಾಯ್‌ಸ್ಟಿಕ್ ಎಲ್ಲ ದಿಕ್ಕಿಗೂ ಹಲವು ಸಲ ಆಡಿಸಿ. ಇಂಜಿನ್ ನಿಂತ ಮೇಲೂ ಪೈಲಟ್ ಅಕ್ಯುಮ್ಯುಲೇಟರಿನಲ್ಲಿ ಪ್ರೆಷರ್ ಉಳಿದಿರುತ್ತದೆ, ಅದೇ ಸ್ಪೂಲ್ ಸರಿಸಿ ಲೈನ್ ಖಾಲಿ ಮಾಡುತ್ತದೆ. ಆಮೇಲೆ ಟ್ಯಾಂಕಿನ ಬ್ರೀದರ್ ಒತ್ತಿ ಗಾಳಿ ಬಿಡಿ. ಹೋಲ್ಡಿಂಗ್ ವಾಲ್ವಿನ ಹಿಂದೆ ಸಿಕ್ಕಿಕೊಂಡ ಎಣ್ಣೆ ಹೀಗೆ ಆಡಿಸಿದರೂ ಹೋಗದಿರಬಹುದು. ಅದರ ಬೋಲ್ಟ್ ಒಂದೊಂದು ಸುತ್ತು ಸಡಿಲಿಸಿ, ಎಣ್ಣೆ ಒಸರಿ ನಿಂತ ಮೇಲೆಯೇ ಪೂರ್ತಿ ಬಿಚ್ಚಿ. ಬೂಮ್ ಎತ್ತಿ ನಿಲ್ಲಿಸಿಕೊಂಡು ಇದಕ್ಕೆ ಕೈ ಹಾಕಬಾರದು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗಾಯ ಚುಕ್ಕೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ ‘ಹೈ ಪ್ರೆಷರ್ ಎಣ್ಣೆ ಚರ್ಮದೊಳಗೆ ಹೋಗಿದೆ’ ಎಂದೇ ಹೇಳಬೇಕು. ಸೋರಿಕೆ ಹುಡುಕಲು ಕೈ ಬೇಡ, ರಟ್ಟು ಹಿಡಿಯಿರಿ.

ಬಿಚ್ಚುವ ಮುನ್ನ ಹೊರಮೈ ತೊಳೆಯುವುದೇ ಅರ್ಧ ಕೆಲಸ. ಎಂಡ್ ಕ್ಯಾಪ್ ಸುತ್ತ ಗಟ್ಟಿಯಾದ ಮಣ್ಣು ಕೆರೆದು, ಡೀಸೆಲ್ ಬ್ರಶ್ ಹಾಕಿ, ನೀರಿನಿಂದ ತೊಳೆದು, ಗಾಳಿ ಹೊಡೆದು ಒಣಗಿಸಿ. ಸೊಲೆನಾಯ್ಡ್ ಕನೆಕ್ಟರುಗಳಿಗೆ ಮೊದಲೇ ಪ್ಲಾಸ್ಟಿಕ್ ಸುತ್ತಿ. ಬಿಚ್ಚಿದ ಪ್ರತಿ ಹೋಸಿಗೂ ಪೋರ್ಟಿಗೂ ಡಮ್ಮಿ. ಬಟ್ಟೆ ತುರುಕುವುದು ಬೇಡ. ಕಾಟನ್ ವೇಸ್ಟ್ ಹತ್ತಿರಕ್ಕೂ ಬರಬಾರದು. ಅದರ ಒಂದು ಎಳೆ ಪೈಲಟ್ ಆರಿಫಿಸಿನ ಸಣ್ಣ ತೂತಿನಲ್ಲಿ ಸಿಕ್ಕಿಕೊಂಡರೆ ಹೊಸ ತೊಂದರೆ ಹುಟ್ಟಿತು ಎಂದೇ ಲೆಕ್ಕ.

ಸ್ಪೂಲ್ ಹೊರತೆಗೆಯುವುದು ಹೀಗೆ. ಎರಡೂ ಬದಿಯ ಎಂಡ್ ಕ್ಯಾಪ್ ತೆಗೆದು, ಸ್ಪ್ರಿಂಗ್ ಇರುವ ಬದಿಯಿಂದ ಸ್ಪೂಲನ್ನು ಬೋರಿಗೆ ನೇರವಾಗಿ, ಬೆರಳಲ್ಲಿ ತಿರುಗಿಸುತ್ತಾ ಎಳೆಯಿರಿ. ಓರೆಯಾದರೆ ಅರ್ಧದಲ್ಲೇ ಕಚ್ಚಿಕೊಳ್ಳುತ್ತದೆ; ಆಗ ಬಲ ಹಾಕದೆ ಒಂದು ಮಿಲಿಮೀಟರ್ ಹಿಂದಕ್ಕೆ ತಳ್ಳಿ ಮತ್ತೆ ನೇರ ಮಾಡಿ. ನಿಜವಾಗಿಯೂ ಜಾಮ್ ಆಗಿದ್ದರೆ ಎದುರು ಬದಿಯಿಂದ ಹಿತ್ತಾಳೆ ಅಥವಾ ನೈಲಾನ್ ಕಡ್ಡಿ ಇಟ್ಟು ಮೆಲ್ಲಗೆ ತಟ್ಟಿ. ಬ್ಲಾಕ್ ಕೊಂಚ ಬೆಚ್ಚಗಿದ್ದರೆ ವಾರ್ನಿಶ್ (ಸುಟ್ಟ ಎಣ್ಣೆಯ ಅಂಟು ಪದರ) ಮೆತ್ತಗಾಗಿ ಸುಲಭವಾಗಿ ಬರುತ್ತದೆ. ಗ್ಯಾಸ್ ಟಾರ್ಚಿನ ಬೆಂಕಿ ಹಿಡಿದರೆ ಬೋರ್ ಸೊಟ್ಟಾಗುತ್ತದೆ.

ಒಂದು ಸಲಕ್ಕೆ ಒಂದೇ ಸ್ಪೂಲ್. ಸ್ಪೂಲ್ ಮತ್ತು ಬೋರಿನ ನಡುವಿನ ಅಂತರ ಕೆಲವೇ ಮೈಕ್ರಾನ್, ಸಾಮಾನ್ಯವಾಗಿ 5ರಿಂದ 20ರ ಒಳಗೆ. ಕಾರ್ಖಾನೆಯಲ್ಲಿ ಆಯಾ ಬೋರಿಗೆ ಆಯ್ದು ಹೊಂದಿಸಿದ ಜೋಡಿ ಅದು. ಆರ್ಮ್ ಸ್ಪೂಲ್ ಬಕೆಟ್ ಬೋರಿಗೆ ಹೊಕ್ಕೀತು, ಕೆಲಸ ಮಾಡದು. ಯಾವ ತುದಿ ಯಾವ ಕಡೆ ಇತ್ತು ಎಂದು ಟ್ಯಾಗ್ ಕಟ್ಟಿ, ಫೋಟೋ ತೆಗೆಯಿರಿ. ಕೆಲವು ಸ್ಪೂಲುಗಳ ಹೊಟ್ಟೆಯಲ್ಲೇ ರೀಜನರೇಶನ್ ಚೆಕ್ ವಾಲ್ವ್ (ಹೊರಬರುವ ಎಣ್ಣೆಯನ್ನು ಸಿಲಿಂಡರಿಗೇ ಮರಳಿಸುವ ವಾಲ್ವ್) ಇರುತ್ತದೆ, ವಿಶೇಷವಾಗಿ ಆರ್ಮಿನಲ್ಲಿ. ಅದರ ಪ್ಲಗ್ ಕಾರಣವಿಲ್ಲದೆ ಬಿಚ್ಚಬೇಡಿ.

ತೊಳೆಯಲು ಸೋಸಿದ ಡೀಸೆಲ್ ಅಥವಾ ಮಿನರಲ್ ಟರ್ಪೆಂಟೈನ್. ಕಂದು ಬಣ್ಣದ ವಾರ್ನಿಶ್ ಹಿಡಿದಿದ್ದರೆ ಸ್ಪೂಲನ್ನು ರಾತ್ರಿಯಿಡೀ ನೆನೆಹಾಕಿ ನೈಲಾನ್ ಬ್ರಶ್ಶಿನಿಂದ ಉಜ್ಜಿ. ಅಸಿಟೋನ್, ಕಾರ್ಬ್ಯುರೇಟರ್ ಕ್ಲೀನರ್ ಲೋಹಕ್ಕೆ ನಡೆಯುತ್ತದೆ, ಆದರೆ ಸೀಲುಗಳನ್ನೆಲ್ಲ ತೆಗೆದ ಮೇಲೆ ಮಾತ್ರ, ಬೆಂಕಿ ಕಿಡಿಯಿಂದ ದೂರ. ಬೋರಿಗೆ ಅದೇ ಅಳತೆಯ ಮೆತ್ತನೆ ನೈಲಾನ್ ಬ್ರಶ್. ವೈರ್ ಬ್ರಶ್ ಬೇಡವೇ ಬೇಡ. ಪೈಲಟ್ ಆರಿಫಿಸ್ ತೂತಿಗೆ ತಂತಿ ಚುಚ್ಚಬೇಡಿ, ತೂತು ಅಗಲವಾದರೆ ಆ ಫಂಕ್ಷನ್ನಿನ ನಡತೆಯೇ ಬದಲಾಗುತ್ತದೆ. ಎದುರು ಬದಿಯಿಂದ ಗಾಳಿ ಊದಿ. ಕನ್ನಡಕ ಹಾಕಿಕೊಂಡು, ನೀರು ತೆಗೆಯುವ ಫಿಲ್ಟರ್ ಇರುವ ಏರ್ ಲೈನಿನಿಂದ. ಒಣಗಿದ ಕೂಡಲೇ ಹೈಡ್ರಾಲಿಕ್ ಎಣ್ಣೆ ಸವರಿ. ಬರಿಗೈಯಲ್ಲಿ ಮುಟ್ಟಿಟ್ಟ ಒಣ ಸ್ಪೂಲಿನ ಮೇಲೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುತ್ತದೆ.

---

ಬೋರಿಂಗ್‌ಬಾರ್:

ಅಷ್ಟೆಲ್ಲ ಬೇಡ. 1000 ನಂಬರ್ ಎಮರಿ ಪೇಪರ್ ಎಣ್ಣೆಯಲ್ಲಿ ನೆನೆಸಿ, ಸ್ಪೂಲನ್ನು ಲೇತಿಗೆ ಹಾಕಿ ಎರಡು ಸುತ್ತು ತಿರುಗಿಸಿದರೆ ಹೊಳಪು ಬರುತ್ತದೆ, ಸಲೀಸಾಗಿ ಓಡುತ್ತದೆ. ಎಲ್ಲ ಕಡೆ ಮಾಡುವುದು ಇದನ್ನೇ.

---

ಸ್ಪೂಲ್‌ಲ್ಯಾಂಡ್:

ಸಲೀಸಾಗಿ ಓಡುತ್ತದೆ ನಿಜ, ಎಣ್ಣೆಯೂ ಅಷ್ಟೇ ಸಲೀಸಾಗಿ ಓಡುತ್ತದೆ. ಅಂತರದ ಮೂಲಕ ಸೋರುವ ಎಣ್ಣೆ ಅಂತರದ ಘನಕ್ಕೆ ತಕ್ಕಂತೆ ಏರುತ್ತದೆ. ಅಂದರೆ 10 ಮೈಕ್ರಾನ್ ಇದ್ದದ್ದು 20 ಆದರೆ ಸೋರಿಕೆ ಎರಡು ಪಟ್ಟಲ್ಲ, ಎಂಟು ಪಟ್ಟು. ಲೇತಿನಲ್ಲಿ ಸುತ್ತ ಉಜ್ಜಿದಾಗ ಲೋಹ ಹೋಗುವುದು ಕೆಲವೇ ಮೈಕ್ರಾನ್ ಇರಬಹುದು, ಇಲ್ಲಿ ಆ ಕೆಲವೇ ಮೈಕ್ರಾನ್ ಎಂದರೆ ಇಡೀ ಬಂಡವಾಳ.

ಇನ್ನೂ ಎರಡು ಕಾರಣ ಇವೆ. ಲ್ಯಾಂಡಿನ ಅಂಚು ಚೂಪಾಗಿಯೇ ಇರಬೇಕು. ಎಮರಿ ಮೊದಲು ತಿನ್ನುವುದು ಆ ಅಂಚನ್ನು. ಅಂಚು ಗುಂಡಗಾದರೆ ನ್ಯೂಟ್ರಲಿನಲ್ಲಿ ಲ್ಯಾಂಡ್ ಮುಚ್ಚುವ ಉದ್ದ ಕಡಿಮೆಯಾಗಿ ಬೂಮ್ ಇಳಿಯುವುದು ಹೆಚ್ಚುತ್ತದೆ, ಎಣ್ಣೆಯನ್ನು ಅಳೆದು ಬಿಡುವ ಮೀಟರಿಂಗ್ ನಾಚ್ ಬಳಿ ಅಂಚು ಹೋದರೆ ಲಿವರ್ ಮೆಲ್ಲಗೆ ಎಳೆದಾಗ ಯಂತ್ರ ಜರ್ಕ್ ಹೊಡೆಯುತ್ತದೆ. ಎರಡನೆಯದು, ಪೇಪರಿನ ಹರಳು ಲ್ಯಾಂಡಿನ ಮೇಲೆ ಕೊರೆದಿರುವ ಸಣ್ಣ ಉಂಗುರ ಗ್ರೂವ್‌ಗಳಲ್ಲಿ ಕೂತುಬಿಡುತ್ತದೆ. ಆ ಗ್ರೂವ್‌ಗಳು ಅಲಂಕಾರಕ್ಕಲ್ಲ. ಸುತ್ತಲೂ ಪ್ರೆಷರ್ ಸಮ ಮಾಡಿ ಸ್ಪೂಲನ್ನು ಬೋರಿನ ನಡುವೆ ತೇಲಿಸುವುದು ಅವೇ. ಸ್ಪೂಲ್ ಒಂದು ಬದಿಗೆ ಪೂರ್ತಿ ಒರಗಿದರೆ ಅದೇ ಅಂತರದಲ್ಲಿ ಸೋರಿಕೆ ಎರಡೂವರೆ ಪಟ್ಟಿನವರೆಗೆ ಹೋಗುತ್ತದೆ, ಜೊತೆಗೆ ಸಣ್ಣ ಕೊಳೆ ಸಂದಿಗೆ ತುಂಬಿ ಸ್ಪೂಲ್ ಹಿಡಿದುಕೊಳ್ಳುತ್ತದೆ. ಆದ್ದರಿಂದ ಗ್ರೂವ್‌ಗಳಲ್ಲಿ ಹಿಡಿದ ವಾರ್ನಿಶ್ ಮರದ ಕಡ್ಡಿಯಿಂದ ಪೂರ್ತಿ ತೆಗೆಯಿರಿ.

ಉಜ್ಜಲೇಬೇಕಾದ ಸಂದರ್ಭ ಒಂದೇ: ಎಲ್ಲೋ ಒಂದು ಕಡೆ ಬರ್ (ಲೋಹದ ಸಣ್ಣ ಮುಳ್ಳು) ಎದ್ದಿದೆ, ಅದು ಬೋರಿಗೆ ತಾಗುತ್ತಿದೆ. ನುಣುಪಾದ ಎಣ್ಣೆಗಲ್ಲನ್ನು ಲ್ಯಾಂಡಿನ ಮೈಗೆ ಒರಗಿಸಿ ಆ ಬರ್ ಮಾತ್ರ ಇಳಿಸಿ ನಿಲ್ಲಿಸಿ. ಬೋರಿಗೆ ಹೋನಿಂಗ್ (ಒಳಮೈ ತೇದು ನುಣುಪು ಮಾಡುವುದು) ಮನೆಯಲ್ಲಿ ಮಾಡುವ ಕೆಲಸವಲ್ಲ. ಬೋರ್ ಹೋನ್ ಮಾಡಿದರೆ ಅದಕ್ಕೆ ಹೊಂದುವ ದೊಡ್ಡ ಸ್ಪೂಲ್ ಬೇಕೇ ಬೇಕು.

ನೋಡುವ ಬಗೆ: ಲ್ಯಾಂಡಿನ ಉದ್ದಕ್ಕೂ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಗೀರು ಇದ್ದು ಉಗುರು ಸಿಕ್ಕಿದರೆ ಆ ಜೋಡಿ ಮುಗಿಯಿತು. ಒಂದೇ ಬದಿ ಹೊಳಪಾಗಿ ಸವೆದಿದ್ದರೆ ಸ್ಪೂಲ್ ಬಾಗಿದೆ ಅಥವಾ ಬ್ಲಾಕ್ ಸೊಟ್ಟಾಗಿದೆ. ಮಸುಕಾದ ಬೂದು ಬಣ್ಣ, ಗೀರಿಲ್ಲ ಎಂದರೆ ಎಣ್ಣೆಯಲ್ಲಿನ ಸಣ್ಣ ದೂಳು ತೇದಿದೆ. ಬಳಸಬಹುದು, ಸೋರಿಕೆ ಮಾತ್ರ ಹೊಸದರಂತೆ ಇರದು. ತೊಳೆದು ಎಣ್ಣೆ ಸವರಿದ ಸ್ಪೂಲ್ ಬೋರಿನಲ್ಲಿ ಯಾವ ಕೋನಕ್ಕೆ ತಿರುಗಿಸಿದರೂ ಎರಡು ಬೆರಳಿನ ಒತ್ತಡಕ್ಕೆ ಒಂದೇ ಸಮ ಸರಿಯಬೇಕು.

---

ಬಕೆಟ್‌ಪಿನ್:

ಬಹಳ ಉಪಕಾರವಾಯಿತು. ಪರೀಕ್ಷೆ ಫಲ: ಬೂಮ್ ಸಿಲಿಂಡರ್ ಎರಡರಲ್ಲೂ ಧಾರೆ ನಿಂತಿತು. ಪೈಲಟ್ ಹೋಸ್ ಮುಚ್ಚಿದರೂ ಬೂಮ್ ಇಳಿಯುತ್ತಿದೆ. ಆರ್ಮ್ ರಿಲೀಫ್ ಅದಲುಬದಲು ಮಾಡಿದ ಮೇಲೆ 280 ಹೊರಕ್ಕೆ ಕಡೆ ಹೋಯಿತು. ಬಕೆಟ್ ಪೈಲಟ್ ತಕ್ಷಣ ಸೊನ್ನೆಗೆ ಬೀಳುತ್ತದೆ, ಬಕೆಟ್ ಆಮೇಲೆ ನಿಲ್ಲುತ್ತದೆ.

ಈಗ ಉಳಿದದ್ದು: ಹೋಲ್ಡಿಂಗ್ ವಾಲ್ವಿನೊಳಗೆ ಏನು ನೋಡಬೇಕು? ರಿಲೀಫ್ ಕಾರ್ಟ್ರಿಜ್ ಬಿಚ್ಚಿ ತೊಳೆದರೆ ಸೆಟ್ಟಿಂಗ್ ಹೋಗುವುದಿಲ್ಲವೇ? ಓ-ರಿಂಗ್ ಬಾಕ್ಸ್ ಸೆಟ್ಟಿನಿಂದ ಅಳತೆ ನೋಡಿ ಹಾಕಬಹುದೇ?

---

ಗೇಜ್‌ಮೊದಲು:

ಹೋಲ್ಡಿಂಗ್ ವಾಲ್ವಿನಲ್ಲಿ ಎರಡು ಭಾಗ. ದೊಡ್ಡ ಪಾಪೆಟ್ (ಸೀಟಿನ ಮೇಲೆ ಕೂರುವ ಕೋನಿನಂಥ ಮುಚ್ಚಳ) ಬೂಮಿನ ಎಣ್ಣೆ ತಡೆಯುತ್ತದೆ. ಅದರ ಬೆನ್ನ ಹಿಂದಿನ ಕೋಣೆಯಲ್ಲೂ ಬೂಮಿನ ಪ್ರೆಷರೇ ತುಂಬಿ ಪಾಪೆಟನ್ನು ಸೀಟಿಗೆ ಒತ್ತಿ ಹಿಡಿದಿರುತ್ತದೆ. ಸಣ್ಣ ಸೆಲೆಕ್ಟರ್, ಬೂಮ್ ಇಳಿಸುವಾಗ ಮಾತ್ರ ಆ ಕೋಣೆಯ ಎಣ್ಣೆಯನ್ನು ಹೊರಗೆ ಬಿಡುತ್ತದೆ. ಹೆಚ್ಚಿನವರು ಪಾಪೆಟ್ ನೋಡಿ ‘ಚೆನ್ನಾಗಿದೆ’ ಎಂದು ಮುಚ್ಚಿಬಿಡುತ್ತಾರೆ. ಸೆಲೆಕ್ಟರ್ ಸೋರಿದರೂ ಬೆನ್ನಿನ ಪ್ರೆಷರ್ ಬಿದ್ದು ಪಾಪೆಟ್ ಸಡಿಲವಾಗುತ್ತದೆ. ಎರಡನ್ನೂ ತೆಗೆಯಿರಿ.

ಪಾಪೆಟ್ ಕೋನಿನ ಮೇಲೆ ಸೀಟ್ ತಾಗಿದ ಗುರುತು ತೆಳ್ಳಗೆ, ಸುತ್ತಲೂ ಒಂದೇ ಅಗಲ, ಎಲ್ಲೂ ತುಂಡಾಗದ ಉಂಗುರದಂತಿರಬೇಕು. ಉಂಗುರ ಒಂದು ಕಡೆ ಅಗಲ ಇನ್ನೊಂದು ಕಡೆ ತೆಳು ಇದ್ದರೆ ಓರೆ ಕೂರುತ್ತಿದೆ. ಅಡ್ಡ ಗೀರಿದ್ದರೆ ಕೊಳೆ ಸಿಕ್ಕಿ ಎಣ್ಣೆ ಅಲ್ಲಿಂದಲೇ ಕೊರೆದುಕೊಂಡು ಹೋಗಿದೆ. ಪಾಪೆಟನ್ನು ಸೀಟಿನಲ್ಲಿ ಬೆರಳಿಂದ ಒತ್ತಿಟ್ಟು ಮೇಲೆ ಸೀಮೆಎಣ್ಣೆ ತುಂಬಿ ನೋಡಿ, ಕೆಳಗೆ ಒಸರಬಾರದು. ಗ್ರೈಂಡಿಂಗ್ ಪೇಸ್ಟ್ ಹಾಕಿ ಇಂಜಿನ್ ವಾಲ್ವಿನಂತೆ ತಿರುಗಿಸುವುದು ನನಗೆ ಒಪ್ಪಿಗೆಯಿಲ್ಲ: ಸೀಟ್ ಅಗಲವಾಗುತ್ತದೆ, ಪೇಸ್ಟಿನ ಹರಳು ಬ್ಲಾಕಿನೊಳಗೆ ಉಳಿಯುತ್ತದೆ. ಗುರುತು ಕೆಟ್ಟಿದ್ದರೆ ಪಾಪೆಟ್ ಹೊಸದು ಹಾಕಿ, ಸೀಟ್ ಬೇರೆಯಾಗಿ ಬರುವ ಮಾದರಿಯಾದರೆ ಅದನ್ನೂ.

ಪೋರ್ಟ್ ರಿಲೀಫ್ ವಿಷಯ. ಲಾಕ್ ನಟ್ ಮುಟ್ಟದೆ ಕಾರ್ಟ್ರಿಜ್ಜನ್ನು ಬ್ಲಾಕಿನಿಂದ ಹೊರತೆಗೆದು ತೊಳೆದರೆ ಸೆಟ್ಟಿಂಗ್ ಎಲ್ಲೂ ಹೋಗದು. ತುದಿಯ ಪಾಪೆಟ್ ಬೆರಳಿಗೆ ಒತ್ತಿ ಬಿಟ್ಟರೆ ಸ್ಪ್ರಿಂಗಿನ ಬಲಕ್ಕೆ ಸರಕ್ಕನೆ ಹಿಂದಿರುಗಬೇಕು. ಹೆಚ್ಚಾಗಿ ಸಿಗುವ ಕಾಯಿಲೆ ಮೂರೇ: ಸೀಟಿನಲ್ಲಿ ಕೊಳೆ, ಹೊರಮೈ ಬ್ಯಾಕಪ್ ರಿಂಗ್ (ಓ-ರಿಂಗಿಗೆ ಬೆಂಬಲ ಕೊಡುವ ಗಟ್ಟಿ ರಿಂಗ್) ಹರಿದಿರುವುದು, ಸ್ಪ್ರಿಂಗ್ ಸೋತಿರುವುದು. ಅಡ್ಜಸ್ಟರ್ ಬಿಚ್ಚಲೇಬೇಕಾದರೆ ಲಾಕ್ ನಟ್ಟಿನಿಂದ ಸ್ಕ್ರೂ ತುದಿಯವರೆಗಿನ ಎತ್ತರ ವರ್ನಿಯರಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಅದು ಹಳೆಯ ಜಾಗಕ್ಕೆ ಹತ್ತಿರ ಮುಟ್ಟಿಸುತ್ತದೆ ಅಷ್ಟೇ, ಕೊನೆಯ ಮಾತು ಗೇಜಿನದು.

ಒಂದು ಎಚ್ಚರಿಕೆ. ಪೋರ್ಟ್ ರಿಲೀಫಿನ ಸೆಟ್ಟಿಂಗ್ ಮೇನ್ ರಿಲೀಫಿಗಿಂತ ಮೇಲೆ ಇರುತ್ತದೆ. ಆದ್ದರಿಂದ ಆರ್ಮ್ 340 ಮುಟ್ಟಿತು ಎಂದರೆ ಪೋರ್ಟ್ ರಿಲೀಫ್ ಅದಕ್ಕಿಂತ ಕೆಳಗೆ ತೆರೆಯುತ್ತಿಲ್ಲ ಎಂದಷ್ಟೇ ತಿಳಿಯುತ್ತದೆ, ಅದರ ನಿಜವಾದ ಸೆಟ್ಟಿಂಗ್ ತಿಳಿಯುವುದಿಲ್ಲ. ಅದಕ್ಕಾಗಿ ಯಂತ್ರದ ಮೇಲೆ ಮೇನ್ ರಿಲೀಫ್ ಏರಿಸುವ ಸಾಹಸ ಬೇಡ, ಟೆಸ್ಟ್ ಬೆಂಚಿಗೆ ಕೊಡಿ. ಬಲ ಸಾಲದು ಎಂದು ಸ್ಕ್ರೂ ತಿರುವಿಕೊಂಡು ಹೋಗುವುದಂತೂ ಪಂಪಿಗೂ ಸಿಲಿಂಡರಿಗೂ ಏಟು.

---

ಶೋರ್90:

ಓ-ರಿಂಗ್ ಬಾಕ್ಸ್ ಸೆಟ್ ಬಗ್ಗೆ: ಹಾಕಬಹುದು, ಮೂರು ವಿಷಯ ತಾಳೆಯಾದರೆ.

ಅಳತೆ ಮೊದಲು. ಜಪಾನಿ ಮಾದರಿಯ ಯಂತ್ರಗಳಲ್ಲಿ ಪಿ ಸರಣಿ, ಜಿ ಸರಣಿ ಇರುತ್ತವೆ. ಇಂಚಿನ ಅಳತೆಯ ಎಎಸ್ 568 ಸೆಟ್ಟಿನಲ್ಲಿ ಒಳವ್ಯಾಸ ಹತ್ತಿರದ್ದು ಸಿಕ್ಕರೂ ದಪ್ಪ ಹೆಚ್ಚಾಗಿ ಬೇರೆ ಇರುತ್ತದೆ. ದಪ್ಪದಲ್ಲಿ 0.2 ಮಿಲಿಮೀಟರ್ ಕಡಿಮೆಯಾದರೂ ರಿಂಗ್ ಮೇಲಿನ ಒತ್ತು ಸಾಲದೆ ಸೋರಬಹುದು. ಹಳೆಯ ರಿಂಗ್ ಅಳೆಯಬೇಡಿ, ಅದು ಚಪ್ಪಟೆಯಾಗಿರುತ್ತದೆ. ರಿಂಗ್ ಕೂರುವ ಗ್ರೂವ್ ಅಳೆಯಿರಿ ಅಥವಾ ಪಾರ್ಟ್ಸ್ ಬುಕ್ ನೋಡಿ. ಜಿ ಸರಣಿ ಅಲುಗಾಡದ ಜಾಗಕ್ಕೆ ಮಾತ್ರ.

ಗಡಸುತನ ಎರಡನೆಯದು. ಬಾಕ್ಸ್ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಬರುವುದು 70 ಶೋರ್. 340 ಬಾರ್ ಇರುವ ಪೋರ್ಟಿನಲ್ಲಿ 90 ಶೋರ್ ಮತ್ತು ಬ್ಯಾಕಪ್ ರಿಂಗ್ ಬೇಕು, ಇಲ್ಲದಿದ್ದರೆ ರಬ್ಬರ್ ಸಂದಿಗೆ ಹಿಂಡಿಕೊಂಡು ಅಂಚು ಕಚ್ಚಿದಂತೆ ಹರಿಯುತ್ತದೆ. ಬ್ಯಾಕಪ್ ರಿಂಗ್ ಕೂರಬೇಕಾದದ್ದು ಪ್ರೆಷರ್ ಬರುವ ಬದಿಗಲ್ಲ, ಅದರ ಎದುರು ಬದಿಗೆ. ಒಂದು ಮುಖ ತಗ್ಗಾಗಿದ್ದರೆ ಆ ತಗ್ಗು ಓ-ರಿಂಗ್ ಕಡೆಗೆ. ತಿರುವುಮುರುವು ಹಾಕಿದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ರಬ್ಬರಿನ ಜಾತಿ ಮೂರನೆಯದು. ಮಿನರಲ್ ಎಣ್ಣೆಗೆ ನೈಟ್ರೈಲ್ ಸಾಕು, ಬಿಸಿ ಹೆಚ್ಚಿರುವ ಕಡೆ ವೈಟಾನ್. ಬ್ರೇಕಿನ ಕಪ್ಪು ಇಪಿಡಿಎಂ ರಿಂಗ್ ನೋಡಲು ಒಂದೇ ಥರ, ಆದರೆ ಹೈಡ್ರಾಲಿಕ್ ಎಣ್ಣೆಯಲ್ಲಿ ಊದಿಕೊಂಡು ಮೆತ್ತಗಾಗುತ್ತದೆ. ಟೆಫ್ಲಾನ್ ಟೇಪ್, ಸಿಲಿಕಾನ್ ಗ್ಯಾಸ್ಕೆಟ್ ಪೇಸ್ಟ್ ಹೈಡ್ರಾಲಿಕ್ ಜಾಯಿಂಟಿಗೆ ಬೇಡ. ಅದರ ಚೂರು ಹೋಗಿ ನಿಲ್ಲುವುದು ಪೈಲಟ್ ಸ್ಕ್ರೀನಿನಲ್ಲೇ.

---

ಸ್ಪೂಲ್‌ಲ್ಯಾಂಡ್:

ಜೋಡಿಸುವಾಗ ಕೈತಪ್ಪುವ ಜಾಗಗಳು. ಸ್ಪೂಲ್ ತುದಿಯ ಸ್ಪ್ರಿಂಗ್ ಬೋಲ್ಟಿಗೆ ಥ್ರೆಡ್ ಲಾಕರ್ ಒಂದು ಹನಿ ಸಾಕು. ಬೋಲ್ಟಿನ ಥ್ರೆಡ್ಡಿನ ಎಣ್ಣೆ ಪೂರ್ತಿ ಒರೆಸಿದ ಮೇಲೆ. ಹೆಚ್ಚಾದ ಲಾಕರ್ ಹರಿದು ಸ್ಪೂಲಿನ ಮೇಲೆಯೇ ಗಟ್ಟಿಯಾದ ಉದಾಹರಣೆ ಬೇಕಾದಷ್ಟಿವೆ. ಆ ಬೋಲ್ಟ್ ಬಿಚ್ಚಲು ಸ್ಪೂಲನ್ನು ವೈಸಿನಲ್ಲಿ ನೇರ ಹಿಡಿಯಬೇಡಿ. ಸ್ಪೂಲ್ ವ್ಯಾಸಕ್ಕೆ ಕೊರೆದ ಮರದ ತುಂಡಿನ ನಡುವೆ ಹಿಡಿಯಿರಿ. ಎಂಡ್ ಕ್ಯಾಪಿನ ಅಲೆನ್ ಬೋಲ್ಟುಗಳನ್ನು ಎದುರುಬದುರಾಗಿ ಎರಡು ಹಂತದಲ್ಲಿ, ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ.

ಇನ್ನು ಎಣ್ಣೆ. ಬಕೆಟ್ ಸ್ಪೂಲಿನಲ್ಲಿ ವಾರ್ನಿಶ್ ಸಿಕ್ಕಿದರೆ ಅದು ಎಣ್ಣೆ ಸುಟ್ಟ ಗುರುತು. ಎಣ್ಣೆ 80 ಡಿಗ್ರಿ ದಾಟಿ ಓಡುತ್ತಿದ್ದರೆ ಸ್ಪೂಲ್ ತೊಳೆದು ಪ್ರಯೋಜನ ಕಡಿಮೆ. ಕೂಲರಿನ ರೆಕ್ಕೆಗಳ ದೂಳು, ಫ್ಯಾನ್ ಬೆಲ್ಟ್ ನೋಡಿ. ಆರ್ಮ್ ರಿಲೀಫ್ 280ಕ್ಕೇ ತೆರೆದುಕೊಳ್ಳುತ್ತಿದ್ದುದೂ ಶಾಖಕ್ಕೆ ಕಾರಣವಾಗಿರಬಹುದು, ರಿಲೀಫಿನ ಮೇಲಿಂದ ಹಾಯ್ದ ಎಣ್ಣೆಯ ಶಕ್ತಿಯೆಲ್ಲ ಬಿಸಿಯಾಗಿಯೇ ಹೋಗುತ್ತದೆ.

ಡ್ರಮ್ಮಿನಿಂದ ಬಂದ ಹೊಸ ಎಣ್ಣೆ ಶುದ್ಧ ಎಂದು ನಂಬಬೇಡಿ. ಐಎಸ್‌ಒ 4406 ಎಂಬ ಎಣ್ಣೆಯ ಶುದ್ಧತೆಯ ಮಾನಕದ ಪ್ರಕಾರ 18/16/13 ಎಂದರೆ ಒಂದು ಮಿಲಿಲೀಟರಿನಲ್ಲಿ 4 ಮೈಕ್ರಾನ್ ಮತ್ತು ಮೇಲಿನ ಕಣ 1300ರಿಂದ 2500, 6 ಮತ್ತು ಮೇಲಿನವು 320ರಿಂದ 640, 14 ಮತ್ತು ಮೇಲಿನವು 40ರಿಂದ 80. ಪ್ರತಿ ಅಂಕ ಏರಿದರೆ ಕಣಗಳ ಸಂಖ್ಯೆ ಎರಡು ಪಟ್ಟು. ಡ್ರಮ್ಮಿನ ಎಣ್ಣೆ ಎಷ್ಟೋ ಸಲ ಇದಕ್ಕಿಂತ ಕೊಳಕಾಗಿರುತ್ತದೆ. ಫಿಲ್ಟರ್ ಕಾರ್ಟಿನ ಮೂಲಕವೇ ಟ್ಯಾಂಕಿಗೆ ಬಿಡಿ. ಆ ಫಿಲ್ಟರಿನ ಬೀಟಾ ಅಂಕ 5 ಮೈಕ್ರಾನಿಗೆ 200 ಇದ್ದರೆ ಆ ಗಾತ್ರ ಮತ್ತು ಮೇಲಿನ ಕಣಗಳಲ್ಲಿ ಶೇಕಡ 99.5 ತಡೆಯುತ್ತದೆ. ರಿಟರ್ನ್ ಫಿಲ್ಟರ್ ಮತ್ತು ಪೈಲಟ್ ಫಿಲ್ಟರ್ ಈಗಲೇ ಹೊಸದು, 50 ಗಂಟೆಗೆ ಮತ್ತೊಂದು ಸಲ. ಹಳೆಯ ಫಿಲ್ಟರನ್ನು ಕತ್ತರಿಸಿ ಮಡಿಕೆ ಬಿಡಿಸಿ ನೋಡಿ: ಆಯಸ್ಕಾಂತಕ್ಕೆ ಅಂಟುವ ಚೂರು ಉಕ್ಕಿನದು, ಹಳದಿ ಹೊಳಪು ಪಂಪ್ ಅಥವಾ ಮೋಟರಿನ ಹಿತ್ತಾಳೆ ಭಾಗದ್ದು, ಕಪ್ಪು ಮೆತ್ತನೆ ಚೂರು ಸೀಲಿನದು.

ಸ್ಟಾರ್ಟ್ ಮಾಡಿದ ಮೇಲೆ ಐದು ನಿಮಿಷ ಲೋ ಐಡಲ್, ಲಿವರ್ ಮುಟ್ಟದೆ. ಆಮೇಲೆ ಒಂದೊಂದೇ ಸಿಲಿಂಡರನ್ನು ಕೊನೆ ಮುಟ್ಟಿಸದೆ ನಿಧಾನವಾಗಿ ಆಡಿಸಿ ಗಾಳಿ ತೆಗೆಯಿರಿ. ಬೆಳಗಿನ ತಂಪಿನಲ್ಲಿ ಎಲ್ಲ ಫಂಕ್ಷನ್ನುಗಳನ್ನೂ ಆಡಿಸಿಯೇ ಬಿಸಿ ಮಾಡಬೇಕು. ಒಂದೇ ಫಂಕ್ಷನ್ ರಿಲೀಫಿಗೆ ಒತ್ತಿ ಎಣ್ಣೆ ಬಿಸಿ ಮಾಡಿ, ಆಮೇಲೆ ತಣ್ಣಗಿರುವ ಇನ್ನೊಂದು ಸ್ಪೂಲನ್ನು ತಟ್ಟನೆ ಎಳೆದರೆ ಸ್ಪೂಲ್ ಬೇಗ ಹಿಗ್ಗುತ್ತದೆ, ದಪ್ಪ ಎರಕದ ಬ್ಲಾಕ್ ತಡವಾಗಿ ಹಿಗ್ಗುತ್ತದೆ. ಆ ನಡುವೆ ಜಾಮ್.

---

ಟೈರಾಡ್:

ಇದೇ ಚರ್ಚೆಗೆ ಸೇರಿಸಿ ಕೇಳುತ್ತೇನೆ. ಬ್ಯಾಕ್‌ಹೋ ಲೋಡರಿನ ಲಿವರ್ ವಾಲ್ವ್, ಸೆಕ್ಷನ್ ಸೆಕ್ಷನ್ ಜೋಡಿಸಿದ ಮಾದರಿ. ಬಿಡಿಬಿಡಿಯಾಗಿ ಇದ್ದಾಗ ಸ್ಪೂಲ್ ಬೆಣ್ಣೆಯಂತೆ ಓಡುತ್ತದೆ, ಬ್ಯಾಂಕ್ (ಜೋಡಿಸಿದ ಸೆಕ್ಷನ್‌ಗಳ ಇಡೀ ಸಾಲು) ಬಿಗಿದ ಮೇಲೆ ನಡುವಿನ ಎರಡು ಸ್ಪೂಲ್ ಹಿಡಿಯುತ್ತವೆ. ಹೊಸ ಸೀಲ್ ಹಾಕಿದ ಮೇಲೆ ಸ್ಪೂಲ್ ತುದಿಯಲ್ಲಿ ಸೋರಿಕೆಯೂ ಶುರು.

---

ಸ್ಪೂಲ್‌ಲ್ಯಾಂಡ್:

ಟೈ ರಾಡ್ (ಸೆಕ್ಷನ್‌ಗಳನ್ನು ಒಟ್ಟಿಗೆ ಬಿಗಿಯುವ ಉದ್ದ ಕಡ್ಡಿ) ನಟ್ ಸಡಿಲಿಸಿ ನೋಡಿ. ಸ್ಪೂಲ್ ಬಿಟ್ಟುಕೊಂಡರೆ ಬ್ಲಾಕ್ ಸೊಟ್ಟಾಗುತ್ತಿದೆ ಎಂದೇ ಅರ್ಥ. ಕಾರಣ ಮೂರರಲ್ಲಿ ಒಂದು: ಸೆಕ್ಷನ್ ಮುಖಗಳ ನಡುವೆ ಪೇಂಟ್ ಅಥವಾ ಕೊಳೆಯ ಚೂರು ಉಳಿದಿದೆ, ಓ-ರಿಂಗ್ ಗ್ರೂವಿನಿಂದ ಹೊರಬಂದು ಮುಖಗಳ ನಡುವೆ ಸಿಕ್ಕಿಕೊಂಡಿದೆ, ಅಥವಾ ಟಾರ್ಕ್ ಹೆಚ್ಚು ಇಲ್ಲವೇ ಅಸಮ. ಬ್ಯಾಂಕನ್ನು ಸಮತಟ್ಟಾದ ಪ್ಲೇಟಿನ ಮೇಲೆ ಕೂರಿಸಿ, ನಟ್ಟುಗಳನ್ನು ಸುತ್ತಿನಲ್ಲಿ ಮೂರು ಹಂತಕ್ಕೆ ಬಿಗಿದು, ಪ್ರತಿ ಹಂತದಲ್ಲೂ ಎಲ್ಲ ಸ್ಪೂಲ್ ಕೈಯಲ್ಲಿ ಆಡಿಸಿ ನೋಡಿ. ಹಿಡಿಯುವುದು ಯಾವ ಹಂತದಲ್ಲಿ ಶುರುವಾಯಿತು ಎಂಬುದೇ ಕಾರಣ ಹೇಳುತ್ತದೆ. ಬೆಂಚಿನ ಮೇಲೆ ಸಲೀಸಾಗಿದ್ದು ಯಂತ್ರಕ್ಕೆ ಕೂರಿಸಿದ ಮೇಲೆ ಹಿಡಿದರೆ ಮೌಂಟಿಂಗ್ ಬ್ರ್ಯಾಕೆಟ್ ಸಮವಿಲ್ಲ. ಕಾಲಿನ ಕೆಳಗೆ ಫೀಲರ್ ಗೇಜ್ ಹಾಕಿ ಅಂತರ ಇರುವ ಕಡೆ ಶಿಮ್ ಕೊಡಿ.

ತುದಿಯ ಸೋರಿಕೆ: ಸೀಲ್ ಕೂರಿಸಿ ಸ್ಪೂಲನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಪೂರ್ತಿ ತೂರಿಸಿದ್ದೀರಿ, ಲ್ಯಾಂಡಿನ ಚೂಪು ಅಂಚು ಸೀಲಿನ ತುಟಿ ಸೀಳಿದೆ. ಸ್ಪೂಲ್ ಮೊದಲು ಬೋರಿನಲ್ಲಿ ಇರಲಿ. ಒಂದು ಬದಿಯ ಸೀಲ್ ಗ್ರೂವ್ ಕಾಣುವಷ್ಟೇ ಸ್ಪೂಲ್ ಹಿಂದಕ್ಕೆ ಸರಿಸಿ, ಸೀಲನ್ನು ಎಣ್ಣೆ ಸವರಿ ಕೂರಿಸಿ, ಸ್ಪೂಲಿನ ನುಣುಪು ತುದಿಯನ್ನು ತಿರುಗಿಸುತ್ತಾ ಅದರೊಳಗೆ ತನ್ನಿ. ಇನ್ನೊಂದು ಬದಿಗೂ ಹಾಗೆಯೇ. ಸೀಲಿನ ತುಟಿ ಎಣ್ಣೆಯ ಕಡೆಗೆ, ವೈಪರ್ ತುಟಿ ಹೊರಗೆ. ಹೊರಗೆ ಚಾಚಿದ ಸ್ಪೂಲ್ ತುದಿಯಲ್ಲಿ ತುಕ್ಕಿನ ಗುಳಿ ಇದ್ದರೆ ಹೊಸ ಸೀಲೂ ಬಾಳುವುದಿಲ್ಲ. ಗುಳಿ ಸೀಲ್ ಓಡಾಡುವ ಜಾಗದಲ್ಲಿದೆಯೇ ಎಂದು ಸ್ಪೂಲನ್ನು ಎರಡೂ ಕೊನೆಗೆ ಸರಿಸಿ ಮಾರ್ಕರಿನಲ್ಲಿ ಗುರುತು ಹಾಕಿ ನೋಡಿ. ಅದರಾಚೆ ಇದ್ದರೆ ಎಣ್ಣೆಗಲ್ಲಿನಲ್ಲಿ ಅಂಚು ತೆಗೆದು ಬಿಟ್ಟುಬಿಡಬಹುದು.